ರಾತ್ರೋರಾತ್ರಿ ಖಾಲಿಯಾಗುತ್ತಿದ್ದ ಬ್ಯಾಟರಿ: ಹಳೆಯ ಸ್ಪೋರ್ಟ್ಸ್ ಕಾರಿನ ಒಂದು ಅನುಭವ

ಸಂಜೆ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್ ತೋರಿಸುತ್ತಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸ್ಟಾರ್ಟರ್ ತಿರುಗಿಸಲೂ ಆಗದಷ್ಟು ಕುಸಿಯುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ಅದೇ ಕಥೆಯಾದ್ದರಿಂದ, ಕಾರು ನಿಂತಿರುವಾಗಲೂ ಯಾವುದೋ ಸರ್ಕ್ಯೂಟ್ ವಿದ್ಯುತ್ ಎಳೆಯುತ್ತಿದೆ ಎಂಬುದು ಖಚಿತವಾಯಿತು.

ಇಂಥ ಕಾರುಗಳಲ್ಲಿ ಕೀ ತೆಗೆದ ಮೇಲೂ ಪುಟ್ಟ ಕಂಪ್ಯೂಟರುಗಳಂಥ ಕಂಟ್ರೋಲ್ ಯೂನಿಟ್‌ಗಳು ನಿದ್ರೆಗೆ ಜಾರಲು ಸಾಕಷ್ಟು ಹೊತ್ತು ಹಿಡಿಯುತ್ತದೆ. ಫ್ಯೂಸ್ ಕಿತ್ತು ಮರಳಿ ಹಾಕಿದರೆ ಅವು ಎಚ್ಚರಗೊಂಡು ಅಳತೆಯೇ ಕೆಡುತ್ತದೆ. ಆದ್ದರಿಂದ ಫ್ಯೂಸ್ ಪೆಟ್ಟಿಗೆಯಿರುವ ಚಾಲಕನ ಬದಿಯ ಬಾಗಿಲನ್ನು ತೆರೆದಿಟ್ಟು, ಅದರ ಲಾಚನ್ನು (ಬಾಗಿಲನ್ನು ಹಿಡಿದಿಡುವ ಕೊಂಡಿ) ಸ್ಕ್ರೂಡ್ರೈವರ್‌ನಿಂದ ಬಾಗಿಲು ಮುಚ್ಚಿದೆ ಎಂದೇ ಕಾರು ತಿಳಿಯುವಂತೆ ಮುಚ್ಚಿದ ಸ್ಥಿತಿಗೆ ತಂದು, ಅರ್ಧ ಗಂಟೆ ಕಾದು, ಪ್ರತಿ ಫ್ಯೂಸಿನ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಲ್ಟಿಮೀಟರ್ ಇಟ್ಟು ಮಿಲಿವೋಲ್ಟ್ ಅಳೆದೆ. ಕರೆಂಟು ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಬಾಗಿಲುಗಳ ಯೂನಿಟ್‌ನ ಫ್ಯೂಸ್ ಮಾತ್ರ ಸೊನ್ನೆಗೆ ಇಳಿಯಲೇ ಇಲ್ಲ. ಇನ್ನೊಂದು ಬದಿಯ ಲಾಚಿನೊಳಗಿನ, ಉಗುರಿನಷ್ಟು ಚಿಕ್ಕ ಮೈಕ್ರೋಸ್ವಿಚ್ ಸವೆದು, ಮುಚ್ಚಿದ ಬಾಗಿಲನ್ನೂ ತೆರೆದಿದೆ ಎಂದೇ ತಿಳಿಸುತ್ತಿತ್ತು, ಹಾಗಾಗಿ ಆ ಯೂನಿಟ್ ನಿದ್ರೆಗೆ ಜಾರುತ್ತಲೇ ಇರಲಿಲ್ಲ.

ಸ್ವಿಚ್ ಅಗ್ಗದ್ದೇ, ಆದರೆ ಚರ್ಮದ ಹೊದಿಕೆಯ ಡೋರ್ ಪ್ಯಾನೆಲ್ ಬಿಚ್ಚುವುದು ಸಾಹಸವೇ ಸರಿ, ಏಕೆಂದರೆ ವಯಸ್ಸಾದ ಪ್ಲಾಸ್ಟಿಕ್ ಕ್ಲಿಪ್‌ಗಳು ಮುಟ್ಟಿದರೆ ಮುರಿಯುತ್ತವೆ. ಹೊಸ ಸ್ವಿಚ್ಚನ್ನು ಬೆಸುಗೆ ಹಾಕಿ ಕೂರಿಸಿದ ಬಳಿಕ ನಿಂತ ಕಾರು ಎಳೆಯುವ ಕರೆಂಟು 50 ಮಿಲಿಆಂಪಿಯರ್‌ಗಿಂತ ಕೆಳಗಿಳಿಯಿತು, ಮರುದಿನ ಇಂಜಿನ್ ಮೊದಲ ತಿರುವಿಗೇ ಗುಡುಗಿತು (ಆ ಸದ್ದಿಗಾಗಿಯೇ ತಾನೆ ಇಷ್ಟೆಲ್ಲ ಸಹಿಸುವುದು!). ಚಾಲಕನ ಬದಿಯ ಸ್ವಿಚ್ಚಿಗೂ ಅಷ್ಟೇ ವಯಸ್ಸಾಗಿದ್ದರಿಂದ ಅದನ್ನೂ ಬದಲಾಯಿಸಿದೆ.