ತೋಟದಲ್ಲಿ ಬೋರ್ ಕೊರೆಸುವಾಗ ನಾವು ಬಿಡದೆ ನೋಡಿಕೊಳ್ಳುವುದು

ಬೋರ್ ಲಾರಿ ಬಂತೆಂದರೆ ಎಲ್ಲರ ಲೆಕ್ಕ ಎಷ್ಟು ಅಡಿಗೆ ನೀರು ಎಂಬುದೊಂದೇ. ಅನಾಹುತ ಆಗದಂತೆ ನೋಡಿಕೊಳ್ಳುವ ನಮ್ಮ ಕೆಲಸ ಲಾರಿ ಗೇಟು ದಾಟುವ ಮೊದಲೇ ಶುರು.

ಪಾಯಿಂಟ್, ಅಂದರೆ ಕೊರೆಯಲು ಗುರುತಿಸಿದ ಜಾಗ, ಇಳಿಜಾರಿನಲ್ಲಿ ಬಿದ್ದರೆ ಜೆಸಿಬಿ ತರಿಸಿ ಬರೆ (ಗುಡ್ಡದ ಬದಿಯ ಮಣ್ಣು) ಕಡಿಯುವುದು ಇಲ್ಲಿನ ರೂಢಿ. ನಾವು ಒಪ್ಪುವುದಿಲ್ಲ, ಪಾಯಿಂಟನ್ನೇ ಸಮತಟ್ಟಿಗೆ ಸರಿಸುತ್ತೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಲಾರಿಯನ್ನು ಎತ್ತಿ ನಿಲ್ಲಿಸುವ ನಾಲ್ಕೂ ಜಾಕ್ ಕೆಳಗೆ ದಪ್ಪ ಹಲಗೆ ಇರಲಿ. ಕೆಂಪು ಮಣ್ಣಿನಲ್ಲಿ ಒಂದು ಜಾಕ್ ಕುಸಿದರೂ ಮಾಸ್ಟ್, ಅಂದರೆ ಲಾರಿಯ ಎತ್ತರದ ಕೊರೆಯುವ ಕಂಬ, ವಾಲುತ್ತದೆ. ಸಿಲ್ವರ್ ಮರಗಳ ನಡುವೆ ಕರೆಂಟ್ ತಂತಿ ಕಣ್ಣಿಗೆ ಬೀಳುವುದಿಲ್ಲ. ಹತ್ತಿರವಿದ್ದರೆ ಲೈನ್‌ಮನ್ ಬಂದು ಲೈನ್ ಆಫ್ ಮಾಡುವವರೆಗೆ ಮಾಸ್ಟ್ ಎತ್ತಿಸಬೇಡಿ.

ಒತ್ತಡದ ಗಾಳಿ ತರುವ ಕಂಪ್ರೆಸರ್ ಹೋಸ್ (ಪೈಪು) ಕಪ್ಲಿಂಗ್‌ನಿಂದ ಕಳಚಿದರೆ ಹಾವಿನಂತೆ ಹೊಡೆದಾಡುತ್ತದೆ. ಪ್ರತಿ ಜೋಡಣೆಗೂ ಉಕ್ಕಿನ ಹಗ್ಗ ಕಟ್ಟಿಸಿ. ಒತ್ತಡದ ಗೇಜ್ ಸೊನ್ನೆಗೆ ಬರುವ ತನಕ ಯಾರೂ ಸ್ಪ್ಯಾನರ್ ಹಚ್ಚಬಾರದು. ಪಾಳಿ ಬದಲಾದರೆ ಏನೇನು ಬಿಚ್ಚಿಟ್ಟಿದೆ ಎಂದು ಚೀಟಿಯಲ್ಲಿ ಬರೆದೇ ಕೊಡಬೇಕು. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ದುರಂತ ಶುರುವಾದದ್ದು ಒಂದು ಪಂಪಿನ ವಾಲ್ವ್ ತೆಗೆದಿಟ್ಟ ಸುದ್ದಿ ಮುಂದಿನ ಪಾಳಿಗೆ ಮುಟ್ಟದೆ. ಸತ್ತವರು 167 ಜನ.

ಕಲ್ಲು ಸಿಕ್ಕ ಮೇಲೆ ಏಳುವ ಬಿಳಿ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಮೂಗಿಗೆ ಟವೆಲ್ ಸುತ್ತಿದರೆ ಸಾಲದು, ಎನ್95 ಮಾಸ್ಕ್ ಬೇಕು. ಗಾಳಿಯ ಜೊತೆ ನೀರು, ಫೋಮ್ ಬಿಟ್ಟರೆ ಧೂಳು ಅಡಗುತ್ತದೆ. ಆದರೆ ಅರೆಬರೆ ನೀರು ಬೇಡ: ಪುಡಿ ಉಂಡೆಗಟ್ಟಿ ರಾಡ್ ಸುತ್ತ ಕಚ್ಚಿಕೊಂಡು ತಳದಲ್ಲಿ ಕಲ್ಲು ಕುಟ್ಟುವ ಹ್ಯಾಮರ್ ಸಿಕ್ಕಿಬೀಳುತ್ತದೆ. ಲಾರಿಯ ಹುಡುಗರು ನೀರು ಬಿಡಲು ಹಿಂಜರಿಯುವುದು ಇದಕ್ಕೇ.

ಆರೂವರೆ ಇಂಚಿನ ಬಿಟ್‌ನಲ್ಲಿ (ಕೊರೆಯುವ ಮೊನೆ) 400 ಅಡಿ ಹೋದರೆ ಸುಮಾರು 2.6 ಘನ ಮೀಟರ್ ಕಲ್ಲು ಹೊರಬರುತ್ತದೆ, ಪುಡಿಯಾದಾಗ ಇನ್ನೂ ಹಿಗ್ಗುತ್ತದೆ. ಅದಕ್ಕೆ 6 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳದ ಎರಡು ಗುಂಡಿ ಸಾಲಾಗಿ ತೋಡಿಸುತ್ತೇವೆ. ಮೊದಲನೆಯದರಲ್ಲಿ ಕೆಸರು ತಂಗಿ, ತಿಳಿ ಎರಡನೆಯದಕ್ಕೆ ಹೋಗಲಿ. ಕೆಸರು ನೀರನ್ನು ತೋಡಿಗೆ (ಹಳ್ಳಕ್ಕೆ) ಬಿಟ್ಟರೆ ಕೆಳಗಿನವರ ಗದ್ದೆಗೆ ಹ್ಯಾಮರ್ ಎಣ್ಣೆಯೂ ಸೇರುತ್ತದೆ.

ಸಂಜೆ ಆರಕ್ಕೆ ಕೆಲಸ ಬಂದ್. ಕಂಪ್ರೆಸರ್ ಸದ್ದಿನಲ್ಲಿ ಬಿದಿರು ಮುರಿಯುವ ಆನೆ ಕೇಳಿಸುವುದಿಲ್ಲ.

ಕೇಸಿಂಗ್, ಅಂದರೆ ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು, ಗಟ್ಟಿ ಕಲ್ಲಿನವರೆಗೂ ಇಳಿಯಬೇಕು. ಅಡಿ ಲೆಕ್ಕದ ದುಡ್ಡು ಉಳಿಸಲು ಮಧ್ಯದಲ್ಲೇ ನಿಲ್ಲಿಸಿದರೆ ಮಳೆಗಾಲದ ಕೊಳಕು ನೀರು ನೇರ ಒಳಗೆ. ಕೇಸಿಂಗ್ ಸುತ್ತ ಅರ್ಧ ಮೀಟರ್ ಚೌಕದ ಕಾಂಕ್ರೀಟ್ ಕಟ್ಟೆ, ನೆಲದ ಮೇಲೆ 0.30, ಕೆಳಗೆ 0.30 ಮೀಟರ್, ಬಾಯಿಗೆ ವೆಲ್ಡ್ ಮಾಡಿದ ಉಕ್ಕಿನ ಮುಚ್ಚಳ: 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ನೀರು ಬಾರದ ಬಾವಿಯನ್ನು ಅದೇ ಕಲ್ಲುಪುಡಿ, ಜೇಡಿಮಣ್ಣಿನಿಂದ ತಳದಿಂದ ಬಾಯಿವರೆಗೆ ತುಂಬಿಸಿದ ಮೇಲಷ್ಟೇ ಲಾರಿಯವರ ಬಾಕಿ ಚುಕ್ತಾ ಮಾಡುತ್ತೇವೆ.