ಮಂಡಿ ನೋವಿಟ್ಟುಕೊಂಡೇ ಮೂರು ದ್ವೀಪ ನೋಡಿ ಬಂದೆವು

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ ನನ್ನ ಬಲ ಮಂಡಿ ಕೈಕೊಟ್ಟಿತ್ತು. ಇವರಿಗೆ ಪುತ್ತೂರಿನಲ್ಲಿ ಮೆಡಿಕಲ್ ಶಾಪು. ಭಾನುವಾರವೂ ಅರ್ಧ ದಿನ ಬಾಗಿಲು ತೆಗೆಯುವವರು. ಈ ಸಲವಾದರೂ ಒಂದು ವಾರ ಎಲ್ಲಾದರೂ ಹೋಗಿಬನ್ನಿ ಅಂತ ಮಕ್ಕಳು ಹಟ ಹಿಡಿದರು. ಕಾಶ್ಮೀರ ಅಂದರು, ಸಿಕ್ಕಿಂ ಅಂದರು. ನನಗೆ ಗುಡ್ಡ ಹತ್ತುವುದು ಬೇಡ, ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟಿ ಹೊಸ ಹೋಟೆಲ್‌ಗೆ ಓಡುವುದೂ ಬೇಡ. ಒಂದು ಕಡೆ ಬಟ್ಟೆ ಬಿಚ್ಚಿಟ್ಟರೆ ವಾಪಸ್ ಬರುವಾಗಲೇ ತುಂಬಬೇಕು. ಅಂಥ ಜಾಗ ಇದ್ದರೆ ಹೇಳಿ ಅಂದೆ.

ಲಕ್ಷದ್ವೀಪದ ಹಡಗಿನ ಪ್ರವಾಸ ಸಿಕ್ಕಿದ್ದು ಹಾಗೆ. ಅಲ್ಲಿನ ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್' (SPORTS) ನಡೆಸುವ 'ಸಮುದ್ರಂ' ಪ್ಯಾಕೇಜ್. ಕೊಚ್ಚಿಯಿಂದ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ನೋಡಿ ಐದು ದಿನಕ್ಕೆ ಕೊಚ್ಚಿಗೆ ವಾಪಸ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾವು ಮಲಗಿದ್ದಾಗ ಹಡಗು ಮುಂದಿನ ದ್ವೀಪಕ್ಕೆ ಹೋಗುತ್ತದೆ. ಐದು ದಿನವೂ ಅದೇ ಕ್ಯಾಬಿನ್, ಅದೇ ಹಾಸಿಗೆ. ದ್ವೀಪಗಳಂತೂ ಅಂಗೈಯಷ್ಟು ಚಪ್ಪಟೆ. ಹತ್ತುವುದಕ್ಕೆ ಒಂದು ದಿಬ್ಬವೂ ಇಲ್ಲ. ನನ್ನ ಮಂಡಿಗೆ ಇದಕ್ಕಿಂತ ಒಳ್ಳೆಯ ಊರು ಇನ್ನೆಲ್ಲಿ?

ಮೊದಲು ಕಾಗದಪತ್ರದ ಮಾತು ಮುಗಿಸುತ್ತೇನೆ. ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ಸುಮ್ನೆ ಟಿಕೆಟ್ ತೆಗೆದು ಹೋಗುವ ಹಾಗಿಲ್ಲ, ಪರ್ಮಿಟ್ ಬೇಕು. ಪ್ಯಾಕೇಜ್ ತೆಗೆದುಕೊಂಡರೆ ಪರ್ಮಿಟ್ಟಿನ ಕೆಲಸ ಅದರ ಜೊತೆಗೇ ಆಗುತ್ತದೆ. ನಮ್ಮಿಂದ ಫೋಟೋ, ಗುರುತಿನ ಚೀಟಿ, ಪೊಲೀಸ್ ಠಾಣೆಯ ಪ್ರಮಾಣಪತ್ರ ಕೇಳಿದ್ದರು. ಠಾಣೆಯ ಕಾಗದಕ್ಕೆ ದಿನ ಹಿಡಿಯುತ್ತದೆ. ಬುಕ್ ಮಾಡುವಾಗಲೇ ಏನೇನು ಬೇಕು ಅಂತ ಕೇಳಿಕೊಂಡು ಅರ್ಜಿ ಹಾಕಿಬಿಡಿ. ಇನ್ನೊಂದು, ಮಳೆಗಾಲದಲ್ಲಿ ಈ ಪ್ರವಾಸ ಇರುವುದಿಲ್ಲ. ನಾವು ಹೋಗಿದ್ದು ಫೆಬ್ರವರಿಯಲ್ಲಿ. ಸಮುದ್ರ ಶಾಂತವಾಗಿತ್ತು.

ಮಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗಿನ ಜಾವ ಎರ್ನಾಕುಳಂ. ಅಲ್ಲಿಂದ ವಿಲ್ಲಿಂಗ್ಡನ್ ದ್ವೀಪದ ಧಕ್ಕೆಗೆ ಆಟೋ. ನಮ್ಮ ಹಡಗು ಎಂ.ವಿ. ಕವರತ್ತಿ. ಟಿವಿಯಲ್ಲಿ ತೋರಿಸುವ ಈಜುಕೊಳ, ಜಗಮಗ ದೀಪದ ಕ್ರೂಸ್ ಅಂದುಕೊಂಡು ಹೋಗಬೇಡಿ. ಇದು ದ್ವೀಪದ ಜನರ ಬಸ್ಸು ಇದ್ದ ಹಾಗೆ. ಕೊಚ್ಚಿಯ ಆಸ್ಪತ್ರೆಯಿಂದ ಮನೆಗೆ ಹೊರಟವರು, ರಜೆಗೆ ಹೊರಟ ಕಾಲೇಜು ಮಕ್ಕಳು, ಹಸುಗೂಸು ಎತ್ತಿಕೊಂಡ ಬಾಣಂತಿಯರು, ಮಿಕ್ಸಿ ಡಬ್ಬ ಹೊತ್ತವರು ಎಲ್ಲರೂ ನಮ್ಮ ಜೊತೆಗೇ. ನನಗೆ ಅದೇ ಜಾಸ್ತಿ ಹಿಡಿಸಿತು. ನಮ್ಮದು ಎರಡು ಮಂಚದ ಕ್ಯಾಬಿನ್. ಚಿಕ್ಕದು, ಆದರೆ ಶುಚಿ. ಎಸಿ ಇದೆ, ಒಳಗೇ ಬಚ್ಚಲು ಇದೆ, ಒಂದು ದುಂಡನೆಯ ಕಿಟಕಿ.

ವಾಂತಿಯ ಭಯ ನನಗಿತ್ತು. ಇವರು ಅಂಗಡಿಯಿಂದಲೇ ಅವೊಮಿನ್ ಮಾತ್ರೆ ತಂದಿದ್ದರು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಮ್ಮಿ, ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಬೇಕು ಅಂತ ಇವರ ಆಜ್ಞೆ. (ಬೇರೆ ಕಾಯಿಲೆಗೆ ಔಷಧಿ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ನುಂಗಿ. ನಿದ್ದೆ ಬರಿಸುವ ಮಾತ್ರೆ ಅದು.) ಹೊಟ್ಟೆ ತೀರಾ ಖಾಲಿ ಇಡಬಾರದು, ತುಂಬಾ ತಿನ್ನಲೂಬಾರದು. ಕ್ಯಾಬಿನ್ನಿನಲ್ಲಿ ಮುಚ್ಚಿಕೊಂಡು ಕೂತರೆ ಸಂಕಟ ಹೆಚ್ಚುತ್ತದೆ. ಡೆಕ್ಕಿಗೆ ಬಂದು ದೂರದಲ್ಲಿ ಆಕಾಶ ನೀರು ಸೇರುವ ಗೆರೆ ನೋಡುತ್ತಾ ನಿಂತರೆ ಇಳಿಯುತ್ತದೆ. ಮೊದಲ ರಾತ್ರಿ ಸ್ವಲ್ಪ ತೂಗಿತು. ತೊಟ್ಟಿಲಲ್ಲಿ ಮಲಗಿದ ಹಾಗಿತ್ತು. ನಾನು ಏಳು ಗಂಟೆ ಎಚ್ಚರವಿಲ್ಲದೆ ನಿದ್ದೆ ಮಾಡಿದೆ. ನಮ್ಮ ಮನೆಯಲ್ಲಿ ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ!

ಈಗ ಯಾರೂ ನನಗೆ ಮೊದಲೇ ಹೇಳದಿದ್ದ ವಿಷಯ. ಹಡಗು ದ್ವೀಪದ ದಡಕ್ಕೇ ಹೋಗುವುದಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬ, ಅದರ ಒಳಗೆ ಆಳವಿಲ್ಲದ ತಿಳಿನೀರು. ದೊಡ್ಡ ಹಡಗು ಹೊರಗೆ ಆಳದಲ್ಲಿ ನಿಲ್ಲುತ್ತದೆ. ದಡದಿಂದ ದೋಣಿಗಳು ಬರುತ್ತವೆ. ಹಡಗಿನ ಪಕ್ಕದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಒಂದು ಬಾಗಿಲು ತೆರೆಯುತ್ತಾರೆ. ಅಲ್ಲಿಂದ ದೋಣಿಗೆ ಕಾಲಿಡಬೇಕು.

ಆ ಬಾಗಿಲಲ್ಲಿ ನಿಂತಾಗ ನನ್ನ ಎದೆ ಹೊಡೆದುಕೊಂಡದ್ದು ಇವತ್ತಿಗೂ ನೆನಪಿದೆ. ದೋಣಿ ಒಂದು ಸಲ ನನ್ನ ಪಾದದ ಸಮಕ್ಕೆ ಏರಿ ಬರುತ್ತದೆ, ಮರುಗಳಿಗೆ ಮೂರಡಿ ಕೆಳಗೆ ಹೋಗುತ್ತದೆ. ನಡುವಿನ ಸಂದಿಯಲ್ಲಿ ಕಡುನೀಲಿ ನೀರು. ದೋಣಿಯ ಅಂಚಿಗೆ ಹಳೇ ಟಯರು ಕಟ್ಟಿದ್ದಾರೆ, ಅದು ಹಡಗಿಗೆ ಉಜ್ಜಿ ಕಿರ್ರ್ ಅನ್ನುತ್ತದೆ. ನಾನು ಇವರ ಕಡೆ ತಿರುಗಿ "ನೀವು ಹೋಗಿಬನ್ನಿ, ನಾನು ಇಲ್ಲೇ ಇರುತ್ತೇನೆ" ಅಂದೆ. ಬಾಗಿಲಲ್ಲಿದ್ದ ಖಲಾಸಿ ಹುಡುಗನಿಗೆ ಭಾಷೆ ಗೊತ್ತಿಲ್ಲದಿದ್ದರೂ ಅರ್ಥವಾಯಿತು. ನನ್ನ ಮಂಡಿಯತ್ತ ಬೆರಳು ಮಾಡಿ, ಯಾವುದು ಅಂತ ಕಣ್ಣಲ್ಲೇ ಕೇಳಿದ. ತೋರಿಸಿದೆ. ಬ್ಯಾಗು, ಚಪ್ಪಲಿ ಎರಡನ್ನೂ ನನ್ನ ಕೈಯಿಂದ ತೆಗೆದು ದೋಣಿಗೆ ದಾಟಿಸಿದ. ಆಮೇಲೆ ಕೈ ಹಿಡಿಯಲಿಲ್ಲ, ಮೊಣಕೈಯ ಮೇಲೆ ತೋಳನ್ನೇ ಗಟ್ಟಿಯಾಗಿ ಹಿಡಿದ. ದೋಣಿಯಲ್ಲಿದ್ದವನು ಇನ್ನೊಂದು ತೋಳಿಗೆ ಕೈ ಚಾಚಿದ. ದೋಣಿ ಏರಿತು, ಇಳಿಯಿತು. ಮತ್ತೆ ಏರಿತು. "ಇಪ್ಪೋ, ಅಮ್ಮಾ!" ಅಂದ. ನಾನು ಎಡಗಾಲು ಇಟ್ಟೆ. ಅಷ್ಟೇ. ದೋಣಿಯೊಳಗಿದ್ದೆ.

ಮಂಡಿ ನೋವಿರುವವರು ಇದನ್ನು ಗಮನದಲ್ಲಿಡಿ. ಮೆಟ್ಟಿಲು ಇಳಿಯುವಾಗ ನೋವಿನ ಕಾಲು ಮೊದಲು ಅಂತ ಫಿಸಿಯೋಥೆರಪಿಯವರು ನನಗೆ ಹೇಳಿಕೊಟ್ಟಿದ್ದರು. ಇಲ್ಲಿ ಅದು ನಡೆಯುವುದಿಲ್ಲ. ದೋಣಿ ಸಮಕ್ಕೆ ಬಂದಾಗಲೇ ದಾಟುತ್ತೇವಲ್ವಾ, ಮೈಭಾರ ಪೂರ್ತಿ ಮೊದಲು ಇಟ್ಟ ಕಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಗಟ್ಟಿ ಕಾಲೇ ಮೊದಲು. ಎರಡೂ ಕೈ ಖಾಲಿ ಇರಲಿ. ಸೀರೆ ಬೇಡ, ಚೂಡಿದಾರ ಹಾಕಿಕೊಳ್ಳಿ. ಅವರು ಹೇಳುವ ತನಕ ಕಾಲೆತ್ತಬೇಡಿ, ಹೇಳಿದ ಮೇಲೆ ಯೋಚನೆ ಮಾಡಬೇಡಿ. ಸಂಜೆ ವಾಪಸ್ ಹತ್ತುವಾಗಲೂ ಇದೇ. ಮೂರು ದಿನದಲ್ಲಿ ಆರು ಸಲ ದಾಟಿದೆ, ಮಂಡಿಗೆ ಏನೂ ಆಗಲಿಲ್ಲ.

ದ್ವೀಪಗಳ ಸರದಿ ಟ್ರಿಪ್ಪಿನಿಂದ ಟ್ರಿಪ್ಪಿಗೆ ಬದಲಾಗಬಹುದು. ನಮಗೆ ಮೊದಲು ಸಿಕ್ಕಿದ್ದು ಮಿನಿಕಾಯ್. ಉಳಿದ ದ್ವೀಪಗಳಿಂದ ದೂರ, ತೀರಾ ದಕ್ಷಿಣಕ್ಕೆ, ಮಾಲ್ಡೀವ್ಸ್ ಕಡೆಗೆ ಇದೆ. ಮಾತೂ ಬೇರೆ. ಬೇರೆ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಜೆಸೆರಿ ಆಡಿದರೆ ಇಲ್ಲಿ ಮಾಲ್ಡೀವ್ಸಿನವರ ಭಾಷೆಯೇ. ಇಲ್ಲಿನ ಜನ ಅದನ್ನು ಮಹ್ಲ್ ಅನ್ನುತ್ತಾರೆ, ಬಲದಿಂದ ಎಡಕ್ಕೆ ಬರೆಯುತ್ತಾರೆ. 1885ರಲ್ಲಿ ಕಟ್ಟಿದ ಬಿಳಿ ದೀಪಸ್ತಂಭ ಇದೆ. ಇವರು ತುದಿಯವರೆಗೆ ಹತ್ತಿ ಬಂದರು. ನಾನು ಕೆಳಗೆ ತೆಂಗಿನ ನೆರಳಲ್ಲಿ ಬೊಂಡ ಕುಡಿಯುತ್ತಾ ಕೂತೆ. ಹೀಗೆ ಬೇರೆ ಬೇರೆಯಾಗಿ ಇರುವುದಕ್ಕೆ ನಾವು ಮೊದಲೇ ಒಪ್ಪಿಕೊಂಡಿದ್ದೆವು. ಅವರಿಗೆ ಬೇಕಾದದ್ದು ಅವರು ಮಾಡಲಿ, ನಾನು ಕೂರುತ್ತೇನೆ, ಊಟಕ್ಕೆ ಸೇರೋಣ ಅಂತ. ಜೋಡಿಯಾಗಿ ಹೋಗುವವರಿಗೆ ನಾನು ಹೇಳುವ ಮುಖ್ಯ ಮಾತೇ ಇದು. ಒಬ್ಬರ ಕಾಲಿಗಾಗಿ ಇನ್ನೊಬ್ಬರು ಆಸೆ ಕಟ್ಟಿಹಾಕಿದರೆ ಇಬ್ಬರಿಗೂ ಬೇಜಾರು. ಮೇಲಿಂದ ಇಳಿದು ಬಂದವರು "ತೆಂಗಿನ ತಲೆಗಳು, ಅದರಾಚೆ ಹಸಿರು ನೀರು, ಅದರಾಚೆ ನೀಲಿ" ಅಂತ ಕೈಯಾಡಿಸಿ ಹೇಳುತ್ತಿದ್ದರೆ ನಾನೂ ನೋಡಿದ ಹಾಗೇ ಆಯಿತು.

ಮಿನಿಕಾಯ್ ಅಂದರೆ ಟ್ಯೂನಾ ಮೀನು. ನಮ್ಮ ಕಡೆ ಕೇದರ್ ಅನ್ನುತ್ತೇವೆ. ಇಲ್ಲಿನವರು ಅದಕ್ಕೆ ಬಲೆ ಬೀಸುವುದಿಲ್ಲ. ಸಣ್ಣ ಮೀನುಗಳನ್ನು ಜೀವಂತವಾಗಿ ದೋಣಿಯಲ್ಲಿ ಇಟ್ಟುಕೊಂಡು ಹೋಗಿ, ಟ್ಯೂನಾ ಹಿಂಡು ಕಂಡಲ್ಲಿ ನೀರಿಗೆ ಎರಚುತ್ತಾರೆ. ಮೀನುಗಳು ಮುಗಿಬಿದ್ದಾಗ ಗಾಳದ ಕೋಲಿನಿಂದ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಹಿಡಿದದ್ದನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿದರೆ ಮಾಸ್. ಕೈಗೆ ತೆಗೆದುಕೊಂಡರೆ ಮರದ ತುಂಡೇ. ಒಂದಕ್ಕೊಂದು ಬಡಿದರೆ ಟಕ್ ಅನ್ನುತ್ತದೆ. ಅರ್ಧ ಕಿಲೋ ತಂದೆ. ತುರಿದು, ತೆಂಗಿನಕಾಯಿ, ಹಸಿಮೆಣಸು, ಸಣ್ಣ ಈರುಳ್ಳಿ ಸೇರಿಸಿ ಚಟ್ನಿ ಮಾಡಿದರೆ ಗಂಜಿಗೆ ಅದರಷ್ಟು ರುಚಿ ಯಾವುದೂ ಇಲ್ಲ. ನಮ್ಮ ಒಣ ಸಿಗಡಿ ಚಟ್ನಿ ತಿಂದವರಿಗೆ ಅರ್ಥವಾಗುತ್ತದೆ. ಸಸ್ಯಾಹಾರಿಗಳಿಗೆ ಹಡಗಿನಲ್ಲಿ ಅನ್ನ, ಸಾಂಬಾರು, ಪಲ್ಯ ಸಿಕ್ಕಿತು. ಉಪವಾಸ ಬೀಳುವುದಿಲ್ಲ, ಆದರೆ ಒಂದು ಡಬ್ಬ ಚಟ್ನಿಪುಡಿ, ಉಪ್ಪಿನಕಾಯಿ ಜೊತೆಗಿದ್ದರೆ ಒಳ್ಳೆಯದು.

ಕಲ್ಪೇನಿಯ ಪೂರ್ವ ದಡದಲ್ಲಿ ಹವಳದ ಕಲ್ಲುಗಳು ರಾಶಿ ರಾಶಿ ಬಿದ್ದಿವೆ. 1847ರ ದೊಡ್ಡ ಬಿರುಗಾಳಿ ತಂದು ಒಟ್ಟಿದ್ದು ಅನ್ನುತ್ತಾರೆ. ಅದನ್ನು ನೋಡಿದ ಮೇಲೆ ಎದುರಿನ ಹಸಿರು ನೀರನ್ನು ನೋಡುವ ನನ್ನ ಕಣ್ಣೇ ಬೇರೆಯಾಯಿತು. ಇಷ್ಟು ತೆಳ್ಳಗಿನ ನೆಲದ ಮೇಲೆ ಒಂದು ಊರು ಬದುಕಿದೆ! ಹುಡುಗರು ಕೋಲ್ಕಳಿ ಆಡಿ ತೋರಿಸಿದರು, ನಮ್ಮ ಕೋಲಾಟದ ನೆಂಟ. ಇವರು ಸ್ನಾರ್ಕೆಲ್ ಕನ್ನಡಕ ಹಾಕಿಕೊಂಡು ನೀರಿಗಿಳಿದರು. ಮಂಡಿಗೆ ಏನೂ ಕೆಲಸವಿಲ್ಲ, ಸುಮ್ನೆ ತೇಲುವುದು ಅಂತ ನನ್ನನ್ನೂ ಕರೆದರು. ಲೈಫ್ ಜಾಕೆಟ್ ಹಾಕಿಸಿ, ಸೊಂಟದಷ್ಟು ನೀರಿನಲ್ಲಿ ಮುಖ ಮುಳುಗಿಸಿ ತೋರಿಸಿದರು. ಐದು ನಿಮಿಷ ಉಸಿರಾಡಲು ಒದ್ದಾಡಿದೆ. ಆಮೇಲೆ ನನ್ನ ಮೂಗಿನ ಮುಂದೆಯೇ ಹಳದಿ ಪಟ್ಟೆಯ ಮೀನುಗಳ ಹಿಂಡು. ನೀರಲ್ಲಿ ಮಂಡಿ ಇದೆ ಅನ್ನುವುದೇ ಮರೆತುಹೋಯಿತು. ಒಂದು ಗಂಟೆ ಮೇಲೇಳಲಿಲ್ಲ. ನೋವಿರುವವರು ಈ ಒಂದನ್ನು ಬಿಡಬೇಡಿ. ತೋಳು ತುಂಬುವ ಬಟ್ಟೆ ಹಾಕಿ, ಇಲ್ಲವಾದರೆ ಬೆನ್ನು ಸುಟ್ಟು ಕರಕಲಾಗುತ್ತದೆ. ಹವಳ ಮುಟ್ಟಬೇಡಿ, ತುಳಿಯಬೇಡಿ, ಒಂದು ಚೂರನ್ನೂ ಬ್ಯಾಗಿಗೆ ಹಾಕಬೇಡಿ. ಕಾನೂನಿದೆ ಅನ್ನುವುದೊಂದೇ ಕಾರಣವಲ್ಲ. ಆ ದ್ವೀಪ ನಿಂತಿರುವುದೇ ಹವಳದ ಮೇಲೆ.

ಮೂರನೆಯದು ಕವರತ್ತಿ, ರಾಜಧಾನಿ. ಉಜ್ರಾ ಮಸೀದಿಯ ಮರದ ಕೆತ್ತನೆಯ ಮಾಡು ನೋಡಿದೆವು. ನನಗೆ ಅಲ್ಲಿ ಕುತೂಹಲ ಹುಟ್ಟಿಸಿದ್ದು ಕುಡಿಯುವ ನೀರು. ಮರಳಿನಡಿ ಮಳೆನೀರು ತೆಳ್ಳಗಿನ ಪದರವಾಗಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಜಾಸ್ತಿ ಎಳೆದರೆ ಬಾವಿ ಉಪ್ಪಾಗುತ್ತದೆ. ಅದಕ್ಕೇ 2005ರಲ್ಲಿ ಇಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತೆಗೆಯುವ ಘಟಕ ಹಾಕಿದರು. ಮೇಲಿನ ಬೆಚ್ಚನೆಯ ನೀರನ್ನು ಒತ್ತಡ ತಗ್ಗಿಸಿ ಆವಿ ಮಾಡುತ್ತಾರೆ, ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತಾರೆ. ಇದು ಗೊತ್ತಾದ ಮೇಲೆ ಮೈಯ ಉಪ್ಪು ತೊಳೆಯಲು ಒಂದೇ ಬಕೆಟ್ ನೀರು ಬಳಸಿದೆ.

ಅಲ್ಲೇ ಧಕ್ಕೆಯಲ್ಲಿ ದೋಣಿಗೆ ಕಾಯುತ್ತಿದ್ದಾಗ ಒಬ್ಬ ಅಜ್ಜ ನಮ್ಮ ಮಾತು ಕೇಳಿ ಹತ್ತಿರ ಬಂದರು. "ಮಂಗಳೂರಾ?" ಅಂದರು, ಕನ್ನಡದಲ್ಲೇ! ಅಮಿನಿ ದ್ವೀಪದವರಂತೆ. ವಯಸ್ಸಿನಲ್ಲಿ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಮರದ ಹಡಗಿನಲ್ಲಿ, ಕೆಲಸ ಮಾಡಿ ಹತ್ತಾರು ಸಲ ಮಂಗಳೂರು ಬಂದರಿಗೆ ಬಂದವರು. ಅಮಿನಿ, ಕಡ್ಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಅಂತ ಓದಿದ್ದೆ. ಅಜ್ಜನಿಗೆ ಅದು ಓದಿದ ವಿಷಯವಲ್ಲ. "ನಮ್ಮ ಅಪ್ಪನ ಕೋರ್ಟು, ಕಚೇರಿ, ಅಕ್ಕಿ ಎಲ್ಲಾ ಮಂಗಳೂರೇ" ಅಂದರು. ಬಂದರಿನ ಬೀದಿಯಲ್ಲಿ ಕುಚ್ಚಲಕ್ಕಿ ಅಂಗಡಿಗಳು ಈಗಲೂ ಇವೆಯಾ ಅಂತ ಕೇಳಿದರು. ಇವೆ ಅಂದೆವು. ಅಕ್ಕಿಯ ವಾಸನೆ ನೆನಪಾಯಿತು ಅನ್ನುವ ಹಾಗೆ ತಲೆಯಾಡಿಸಿದರು.

ಕೊನೆಯ ರಾತ್ರಿ ಡೆಕ್ಕಿನ ಮೇಲೆ ಇಬ್ಬರೂ ತುಂಬಾ ಹೊತ್ತು ಕೂತಿದ್ದೆವು. ಮಾತು ಹೆಚ್ಚಿರಲಿಲ್ಲ. ಇವರು ನನ್ನ ಮಂಡಿಗೆ ಮುಲಾಮು ಹಚ್ಚಿಕೊಟ್ಟರು.

ಹೊರಡುವವರಿಗೆ ಇನ್ನೆರಡು ಮಾತು ಹೇಳಬೇಕು. ವಾಪಸ್ ರೈಲನ್ನು ಹಡಗು ತಲುಪುವ ದಿನಕ್ಕೇ ಬುಕ್ ಮಾಡಬೇಡಿ. ಸಮುದ್ರದ ವೇಳೆ ಗಡಿಯಾರದ ವೇಳೆಯಲ್ಲ, ಒಂದು ದಿನ ಕೊಚ್ಚಿಯಲ್ಲಿ ಇಟ್ಟುಕೊಳ್ಳಿ. ನಡುಸಮುದ್ರದಲ್ಲಿ ಫೋನ್ ಸಿಗುವುದಿಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಕೈಯಲ್ಲಿ ನಗದು ಇರಲಿ. ದಿನಾ ನುಂಗುವ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚೇ ಇರಲಿ.

ಊರಿಗೆ ಬಂದ ಮರುವಾರ ಮಂಗಳೂರಿಗೆ ಹೋಗಿದ್ದಾಗ ಇವರು ತಾವಾಗಿಯೇ ಕಾರನ್ನು ಹಳೇ ಬಂದರಿನ ಕಡೆ ತಿರುಗಿಸಿದರು. ಧಕ್ಕೆಯಲ್ಲಿ ಒಂದು ಮಂಜಿ ನಿಂತಿತ್ತು. ಹಲಗೆಯ ಮೇಲೆ ನಡೆದು ಆಳುಗಳು ಈರುಳ್ಳಿ ಚೀಲ, ಸಿಮೆಂಟು, ಜಲ್ಲಿ ಏರಿಸುತ್ತಿದ್ದರು. ಎಲ್ಲಿಗೆ ಅಂತ ಇವರು ಕೂಗಿ ಕೇಳಿದರು.

"ಅಮಿನಿ" ಅಂದ ಒಬ್ಬ, ಚೀಲ ಇಳಿಸದೆಯೇ.

ನಾವು ಲೋಡು ಮುಗಿಯುವವರೆಗೆ ಅಲ್ಲೇ ನಿಂತೆವು.