110, 112, 110, 108

ಗುಂಪು ಕಟ್ಟಿದ ಮೊದಲ ಮೂರು ತಿಂಗಳು ನಾನು ಬೀಗುತ್ತಿದ್ದೆ. ಹನ್ನೆರಡು ಮಂದಿ ಮಧುಮೇಹಿಗಳು, ವಾರಕ್ಕೊಂದು ಸಂಜೆ, ಒಂದು ಗಂಟೆಯ ಕೂಟ. ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟಿದ್ದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದ ಸಕ್ಕರೆಯನ್ನು ಬರೆದು ತರುತ್ತಿದ್ದರು. ಒಬ್ಬರ ಪುಟದಲ್ಲಿ 110, 112, 110, 108. ಇಷ್ಟು ಶಿಸ್ತಿನ ರಕ್ತವನ್ನು ನಾನು ಇಪ್ಪತ್ತು ವರ್ಷಗಳ ಶುಶ್ರೂಷಕಿ ವೃತ್ತಿಯಲ್ಲಿ ಕಂಡಿರಲಿಲ್ಲ.

ಆಮೇಲೆ ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆಯ ವರದಿ ಬಂತು. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅದರ ಹಿಮೋಗ್ಲೋಬಿನ್‌ಗೆ ಹೆಚ್ಚು ಅಂಟಿಕೊಳ್ಳುತ್ತದೆ. ಹಾಗಾಗಿ ಹಿಂದಿನ ಎರಡು ಮೂರು ತಿಂಗಳ ಕಥೆಯನ್ನು ಈ ಪರೀಕ್ಷೆ ಹೇಳಿಬಿಡುತ್ತದೆ. ನಮ್ಮ 110ರ ಮಹಾಶಯರದು ಶೇ 9.4. ಅಂದರೆ ಸರಾಸರಿ ಸಕ್ಕರೆ 220ರ ಆಸುಪಾಸು. ಊಟದ ನಂತರ ಏರುತ್ತಿರಬೇಕು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅವರೇ ತಮ್ಮ ಗ್ಲೂಕೋಮೀಟರ್ ತೆಗೆದು ನನ್ನ ಮುಂದಿಟ್ಟರು. ಅದರ ನೆನಪಿನಲ್ಲಿ ಬೆಳಗಿನ ಅಂಕಿಗಳೇ 186, 204, 197.

‘ನಿಮಗೆ ಬೇಸರವಾಗಬಾರದೆಂದು ಹಾಗೆ ಬರೆದೆ ಸಿಸ್ಟರ್’ ಎಂದರು.

ಬೇಸರವಾಯಿತು, ಆದರೆ ಅವರ ಮೇಲಲ್ಲ. 130ರ ಒಳಗಿದ್ದರೆ ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆಯುತ್ತಿದ್ದವಳು ನಾನೇ. ಮೀರಿದ್ದರೆ ‘ಏನು ತಿಂದಿರಿ?’ ಎಂದು ಎಲ್ಲರೆದುರು ಕೇಳುತ್ತಿದ್ದವಳೂ ನಾನೇ. ಅರವತ್ತು ದಾಟಿದವರನ್ನು ಮತ್ತೆ ಶಾಲೆಯ ಬೆಂಚಿನ ಮೇಲೆ ಕೂರಿಸಿದ್ದೆ; ಅವರು ಶಾಲೆಯ ಮಕ್ಕಳು ಮಾಡುವುದನ್ನೇ ಮಾಡಿದರು.

ಕೆಂಪು ಪೆನ್ನು ಮನೆಯಲ್ಲೇ ಉಳಿಯಿತು. ನೋಟ್‌ಬುಕ್‌ನಲ್ಲಿ ಅಂಕಿಯ ಪಕ್ಕ ‘ಹಿಂದಿನ ದಿನ ಏನಾಯಿತು’ ಎಂಬ ಇನ್ನೊಂದು ಕಾಲಂ ಎಳೆದೆವು. ಮುಂದಿನ ವಾರ ಮಾತು ಆರಂಭಿಸುವ ಕೆಲಸವನ್ನು ಹತ್ತೊಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯೊಂದಿಗೆ ಬದುಕಿದ ಹಿರಿಯರಿಗೆ ಬಿಟ್ಟೆ. ‘ನಿನ್ನೆ 240 ಬಂತು. ಯಾಕೆಂದು ಗೊತ್ತಿಲ್ಲ. ಕೋಪದಲ್ಲಿ ಯಂತ್ರವನ್ನು ಹಾಸಿಗೆಯ ಮೇಲೆ ಎಸೆದೆ’ ಎಂದರು. ಎಲ್ಲರೂ ನಕ್ಕರು. ಆ ನಗುವಿನ ನಂತರವೇ ನಿಜವಾದ ಅಂಕಿಗಳು ಹೊರಬರತೊಡಗಿದವು. ಅವುಗಳ ಹಿಂದೆ ನಿದ್ದೆಗೆಟ್ಟ ರಾತ್ರಿಗಳು, ಜ್ವರ, ಮರೆತ ಮಾತ್ರೆ; ಒಮ್ಮೆಯಂತೂ ಹಣ್ಣು ಸುಲಿದ ಕೈ ತೊಳೆಯದೆ ಬೆರಳು ಚುಚ್ಚಿ, ಹಣ್ಣಿನ ಸಕ್ಕರೆಯಿಂದ ಏರಿದ ಅಂಕಿ ಕಂಡು ಕಂಗಾಲಾದ ಪ್ರಸಂಗ.

ಗುಂಪಿನ ಬೆಲೆ ನನಗೆ ಪೂರ್ತಿ ತಿಳಿದದ್ದು ಇನ್ಸುಲಿನ್ ವಿಷಯದಲ್ಲಿ. ಒಬ್ಬರಿಗೆ ಚುಚ್ಚುವ ಜಾಗ ಬದಲಿಸಿ ಎಂದು ನಾಲ್ಕು ಸಲ ಹೇಳಿದ್ದೆ. ನಾಲ್ಕು ಸಲವೂ ತಲೆಯಾಡಿಸಿದ್ದರು. ಒಂದು ಸಂಜೆ ಪಕ್ಕದಲ್ಲಿದ್ದ ಮಹಿಳೆ, ‘ನೋವಾಗುವುದಿಲ್ಲವೆಂದು ಅಲ್ಲೇ ಚುಚ್ಚುತ್ತೀರಿ ತಾನೇ? ನಾನೂ ಹಾಗೆಯೇ ಮಾಡಿದ್ದೆ’ ಎಂದು ಕೇಳಿದರು. ಹೊಟ್ಟೆ ಒತ್ತಿ ನೋಡಿದರೆ ಹೊಕ್ಕುಳ ಬದಿಯಲ್ಲಿ ಗಟ್ಟಿ ಗಂಟು. ಅಂಥ ಗಂಟಿನಿಂದ ಇನ್ಸುಲಿನ್ ಒಂದೊಂದು ದಿನ ಒಂದೊಂದು ರೀತಿ ಹೀರಲ್ಪಡುತ್ತದೆ. ಅವರು ಮರುದಿನವೇ ಜಾಗ ಬದಲಿಸಿದರು. ಇಲ್ಲಿ ನಾನು ಎಡವಿದೆ: ಹೊಸ ಜಾಗದಲ್ಲಿ ಅಷ್ಟೇ ಪ್ರಮಾಣ ಹೆಚ್ಚಾಗಬಹುದು, ಮೊದಲು ವೈದ್ಯರನ್ನು ಕೇಳಿ ಎಂದು ಹೇಳಲಿಲ್ಲ. ಸಕ್ಕರೆ 62ಕ್ಕೆ ಇಳಿದು ಬೆವರಿಟ್ಟು ನಡುಗಿದರು. ಗುಂಪಿನಲ್ಲಿ ಅಭ್ಯಾಸ ಮಾಡಿದ್ದು ಕೈಹಿಡಿಯಿತು. 15 ಗ್ರಾಂ ಸಕ್ಕರೆ ನೀರಿಗೆ ಬೆರೆಸಿ ಕುಡಿದು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಿಕೊಂಡರು. ವೈದ್ಯರು ಪ್ರಮಾಣ ತಗ್ಗಿಸಿದರು.

ಅಂದಿನಿಂದ ಒಂದೇ ಒಂದು ಕಟ್ಟುನಿಟ್ಟು. ಅನುಭವ ಎಷ್ಟು ಬೇಕಾದರೂ ಹಂಚಿಕೊಳ್ಳಿ. ಔಷಧದ ಪ್ರಮಾಣ ಹೇಳಬೇಡಿ, ಬೇರೆಯವರ ಮಾತ್ರೆ ನಿಲ್ಲಿಸಬೇಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ದೀರ್ಘಕಾಲದ ಕಾಯಿಲೆಯವರಿಗಾಗಿ ರೂಪಿಸಿದ ಸ್ವಯಂ ನಿರ್ವಹಣೆಯ ತರಬೇತಿಯಿಂದ ಒಂದು ಉಪಾಯವನ್ನು ಎರವಲು ಪಡೆದಿದ್ದೇನೆ. ವಾರದ ಗುರಿಯನ್ನು ಅವರವರೇ ಹೇಳಬೇಕು. ಆಗುತ್ತದೆಂಬ ಭರವಸೆ ಹತ್ತರಲ್ಲಿ ಎಷ್ಟು ಎಂದೂ ಹೇಳಬೇಕು. ಏಳಕ್ಕಿಂತ ಕಡಿಮೆಯಿದ್ದರೆ ಗುರಿಯನ್ನೇ ಚಿಕ್ಕದು ಮಾಡುತ್ತೇವೆ. ‘ದಿನಾ ಒಂದು ಗಂಟೆ ನಡೆಯುತ್ತೇನೆ’ ಎಂದವರು ಕೊನೆಗೆ ವಾರಕ್ಕೆ ನಾಲ್ಕು ದಿನ, ರಾತ್ರಿ ಊಟದ ನಂತರ ಹತ್ತು ನಿಮಿಷಕ್ಕೆ ಬಂದು ನಿಂತರು. ಈಗಲೂ ನಡೆಯುತ್ತಿದ್ದಾರೆ.

110ರ ಮಹಾಶಯರ ಎಚ್‌ಬಿಎ1ಸಿ ಈಗ 8.1. ಕಳೆದ ವಾರ ಅವರ ಪುಟದಲ್ಲಿ 231 ಇತ್ತು. ಪಕ್ಕದ ಕಾಲಂನಲ್ಲಿ ಬರೆದಿದ್ದರು: ‘ಮಗಳೊಡನೆ ಜಗಳ. ಇಡೀ ರಾತ್ರಿ ನಿದ್ದೆಯಿಲ್ಲ. ತಪ್ಪು ನನ್ನದೇ.’